ಪಿಯುಸಿ ಗಣಿತದ ಹೋಮ್‌ವರ್ಕ್: ಮನೆಯವರು ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ಮನಿರಬೇಕು

"ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ಈಗ ಪಿಯುಸಿ ಸೈನ್ಸ್. ಹೋಮ್‌ವರ್ಕ್‌ಗೆ ಕೂತರೆ ಒಂದು ಲೆಕ್ಕವೂ ದಡ ಸೇರುವುದಿಲ್ಲ. ನಾವು ಏನು ಮಾಡಬಹುದು?" ಅರಕಲಗೂಡು, ಆಲೂರಿನ ಕಡೆಯಿಂದ, ಅತ್ತ ಮೂಡಿಗೆರೆ, ಕೊಪ್ಪದ ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಕೇಳುವವರು ತಾಯಂದಿರು, ಡಿಗ್ರಿ ಓದುತ್ತಿರುವ ಅಕ್ಕಂದಿರು, ತಮ್ಮ ಕಾಲದ ಗಣಿತವನ್ನು ಅರೆಬರೆ ನೆನಪಿಟ್ಟುಕೊಂಡಿರುವ ಚಿಕ್ಕಪ್ಪಂದಿರು. ಹಾಸನದಲ್ಲಿ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವಾಗ ನಾನು ಹಿಡಿಯುವ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು ಸ್ಪಷ್ಟವಾಗಿರಲಿ. ಲೆಕ್ಕ ಬಿಡಿಸುವ ಕೆಲಸ ಮಗುವಿನದು. ಮಗು ಯಾವ ಸಾಲಿನಲ್ಲಿ ನಿಂತಿತು ಎಂದು ಕಂಡುಹಿಡಿಯುವ ಕೆಲಸ ನಿಮ್ಮದು. ಪಿಯುಸಿ ಲೆಕ್ಕ ಬರುತ್ತಿಲ್ಲ ಎನ್ನುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತೊಡಕಾಗಿರುವುದು ಎಂಟು, ಒಂಬತ್ತು, ಹತ್ತನೇ ತರಗತಿಯ ಯಾವುದೋ ಭಿನ್ನರಾಶಿ, ಯಾವುದೋ ಆವರಣದ ಹೊರಗಿನ ಮೈನಸ್ಸು. ಆ ಒಂದು ಸಾಲು ಸಿಕ್ಕರೆ ಮುಂದಿನ ಹತ್ತು ಲೆಕ್ಕ ಸಲೀಸಾಗುತ್ತದೆ. ಅದು ಸಿಗದೆ ನೀವೇ ಇಡೀ ಲೆಕ್ಕ ಬಿಡಿಸಿಕೊಟ್ಟರೆ ಹೋಮ್‌ವರ್ಕ್ ಮುಗಿಯುತ್ತದೆ, ತೊಡಕು ಹಾಗೆಯೇ ಉಳಿಯುತ್ತದೆ.

ಏನೇನು ಇಟ್ಟುಕೊಂಡಿರಬೇಕು

ಪಠ್ಯಪುಸ್ತಕ ಮೊದಲು. ನಮ್ಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ ನಡೆಯುವುದು ಎನ್‌ಸಿಇಆರ್‌ಟಿ ಗಣಿತ ಪುಸ್ತಕವೇ. ಮೊದಲ ವರ್ಷಕ್ಕೆ 14 ಅಧ್ಯಾಯ, ಎರಡನೇ ವರ್ಷಕ್ಕೆ ಎರಡು ಭಾಗಗಳಲ್ಲಿ 13 ಅಧ್ಯಾಯ. ಎನ್‌ಸಿಇಆರ್‌ಟಿಯ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಕೊನೆಯಲ್ಲಿ ಉತ್ತರಗಳೂ ಇರುತ್ತವೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ಜೂನ್‌ಗೆ ಮುಂಚೆಯೇ ಫೋನಿಗೆ ಇಳಿಸಿಟ್ಟುಕೊಳ್ಳಿ.

ಎರಡನೆಯದು, ಮಗುವಿನ ಒಂಬತ್ತು ಮತ್ತು ಹತ್ತನೇ ತರಗತಿಯ ಗಣಿತ ಪುಸ್ತಕಗಳು. ಫಲಿತಾಂಶ ಬಂದ ಮಾರನೇ ದಿನವೇ ಅವನ್ನು ರದ್ದಿಗೆ ಹಾಕುವ ಮನೆಗಳೇ ಜಾಸ್ತಿ. ದಯವಿಟ್ಟು ಹಾಕಬೇಡಿ. ಈಗಾಗಲೇ ಹಾಕಿದ್ದರೆ ಪಕ್ಕದ ಮನೆಯ ಮಗುವಿನದನ್ನಾದರೂ ಕೇಳಿ ತನ್ನಿ.

ಇನ್ನು ಕಾಲೇಜಿನ ಕ್ಲಾಸ್ ನೋಟ್ಸ್, ಒಂದು ರಫ್ ಪುಸ್ತಕ, ತಪ್ಪುಗಳನ್ನು ಬರೆದಿಡಲು ಬೇರೆಯದೇ ಒಂದು ತೆಳುವಾದ ಪುಸ್ತಕ. ಗೈಡು ಬೇಕೇ ಎಂದು ಕೇಳುತ್ತಾರೆ. ಶುರುವಿನಲ್ಲಿ ಬೇಡ. ಪಠ್ಯದಲ್ಲೇ ಪ್ರತಿ ಅಭ್ಯಾಸದ ಮುಂಚೆ ಬಿಡಿಸಿ ತೋರಿಸಿದ ಉದಾಹರಣೆಗಳಿವೆ. ಉತ್ತರ ಮುಚ್ಚಿಟ್ಟು ಆ ಉದಾಹರಣೆಗಳನ್ನು ಮಗು ತಾನೇ ಬಿಡಿಸದೆ ಅಭ್ಯಾಸಕ್ಕೆ ಹೋಗಬಾರದು. ಅಧ್ಯಾಯದ ಕೊನೆಯಲ್ಲಿ ಬರುವ ಮಿಸಲೇನಿಯಸ್ ಅಭ್ಯಾಸ ಉಳಿದವುಗಳಿಗಿಂತ ಕಠಿಣ. ಅಲ್ಲಿ ಮಗು ತಿಣುಕಾಡಿದರೆ ಗಾಬರಿ ಬೀಳಬೇಡಿ.

ಹಂತ 1: ಪ್ರಶ್ನೆಯನ್ನು ಜೋರಾಗಿ ಓದಿಸಿ, ಕನ್ನಡದಲ್ಲಿ ಹೇಳಿಸಿ

ಸಕಲೇಶಪುರದಿಂದಲೋ ಬೇಲೂರಿನಿಂದಲೋ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗು ಮನೆ ಸೇರುವಾಗ ಕತ್ತಲಾಗಿರುತ್ತದೆ. ಬಂದ ಕೂಡಲೇ ಪುಸ್ತಕದ ಮುಂದೆ ಕೂರಿಸಬೇಡಿ. ಏನಾದರೂ ತಿಂದು, ಅರ್ಧ ಗಂಟೆ ಸುಧಾರಿಸಿಕೊಂಡು ಆಮೇಲೆ ಕೂರಲಿ. ನಲವತ್ತು ನಿಮಿಷದ ಒಂದು ಬೈಠಕ್ಕು ಸಾಕು.

ಕೂತ ಮೇಲೆ ಮೊದಲ ಕೆಲಸ ಓದುವುದು. ಪ್ರಶ್ನೆಯನ್ನು ಗಟ್ಟಿಯಾಗಿ ಓದಲಿ. ಕೊಟ್ಟಿರುವುದೇನು, ಕೇಳಿರುವುದೇನು ಎಂದು ಕನ್ನಡದಲ್ಲಿ ಹೇಳಲಿ. ಹೇಳಿದ್ದನ್ನು ರಫ್ ಪುಸ್ತಕದಲ್ಲಿ ಎರಡು ಸಾಲಲ್ಲಿ ಬರೆಯಲಿ. ಚಿತ್ರ ಬರೆಯಬಹುದಾದ ಲೆಕ್ಕವಾದರೆ ಚಿತ್ರ ಕಡ್ಡಾಯ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಪಿಯುಸಿ ಗಣಿತ ಕೇಳುತ್ತಿರುವ ಮಕ್ಕಳಿಗೆ ಈ ಹಂತವೇ ಅರ್ಧ ಪಾಠ. ಹೆಸರುಗಳು ಬದಲಾಗಿವೆ, ವಿಷಯ ಬಹುಪಾಲು ಹಳೆಯದೇ. ಗಣ ಎಂದು ಓದಿದ್ದು ಈಗ ಸೆಟ್. ವರ್ಗ ಸಮೀಕರಣ ಕ್ವಾಡ್ರಾಟಿಕ್ ಈಕ್ವೇಷನ್ ಆಗಿದೆ. ಸಮಾಂತರ ಶ್ರೇಢಿ ಅರಿತ್ಮೆಟಿಕ್ ಪ್ರೊಗ್ರೆಷನ್, ಸಂಭವನೀಯತೆ ಪ್ರಾಬಬಿಲಿಟಿ. ಹೊಸದಾಗಿ ಬರುವ ಫಂಕ್ಷನ್ ಎಂದರೆ ಉತ್ಪನ್ನ: ಒಂದು ಸಂಖ್ಯೆ ಕೊಟ್ಟರೆ ನಿಯಮದ ಪ್ರಕಾರ ಒಂದೇ ಒಂದು ಉತ್ತರ ಕೊಡುವ ಸಂಬಂಧ. ಡಿಫರೆನ್ಷಿಯೇಷನ್ ಎಂದರೆ ಅವಕಲನ: ಒಂದು ಪರಿಮಾಣ ಬದಲಾದಂತೆ ಇನ್ನೊಂದು ಎಷ್ಟು ವೇಗದಲ್ಲಿ ಬದಲಾಗುತ್ತದೆ ಎನ್ನುವ ಲೆಕ್ಕ. ಇಂಟಿಗ್ರೇಷನ್ ಎಂದರೆ ಅನುಕಲನ, ಅವಕಲನದ ಹಿಮ್ಮುಖ ದಾರಿ. ಮ್ಯಾಟ್ರಿಕ್ಸ್ ಎಂದರೆ ಮಾತೃಕೆ, ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು. ವೆಕ್ಟರ್ ಎಂದರೆ ಸದಿಶ, ಪ್ರಮಾಣದ ಜೊತೆಗೆ ದಿಕ್ಕೂ ಇರುವಂಥದ್ದು.

ಈ ನಾಮಪದಗಳು ಎರಡು ಮೂರು ವಾರದಲ್ಲಿ ಮಕ್ಕಳ ಬಾಯಿಗೆ ಹತ್ತುತ್ತವೆ. ನಿಜವಾಗಿ ಕಾಡುವುದು ನಡುವೆ ಬರುವ ಸಣ್ಣ ಮಾತುಗಳು. "ಅಟ್ ಲೀಸ್ಟ್ ಒನ್" ಎಂದರೆ ಒಂದು ಅಥವಾ ಅದಕ್ಕಿಂತ ಹೆಚ್ಚು. "ಅಟ್ ಮೋಸ್ಟ್" ಎಂದರೆ ಅದಕ್ಕಿಂತ ಹೆಚ್ಚಿಲ್ಲ. "ವೆರಿಫೈ" ಎಂದರೆ ಕೊಟ್ಟಿರುವ ಸಂದರ್ಭಕ್ಕೆ ತಾಳೆಯಾಗುತ್ತದೆಯೇ ನೋಡು, "ಪ್ರೂವ್" ಎಂದರೆ ಎಲ್ಲ ಸಂದರ್ಭಕ್ಕೂ ಸಾಧಿಸು. "ಹೆನ್ಸ್" ಬಂದರೆ ಈಗ ತಾನೇ ಸಿಕ್ಕ ಉತ್ತರವನ್ನು ಬಳಸಿಯೇ ಮುಂದೆ ಹೋಗಬೇಕು, ಹೊಸ ದಾರಿ ಹಿಡಿದರೆ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. "ರೆಸ್ಪೆಕ್ಟಿವ್ಲಿ" ಎಂದರೆ ಹೇಳಿದ ಅನುಕ್ರಮದಲ್ಲೇ. ಇಂಥ ಮಾತು ಸಿಕ್ಕಾಗಲೆಲ್ಲ ಒಂದು ಹಾಳೆಯಲ್ಲಿ ಬರೆದು ಓದುವ ಜಾಗದ ಗೋಡೆಗೆ ಅಂಟಿಸಿ.

ಕನ್ನಡ ಮಾಧ್ಯಮದಿಂದ ಬಂದೆ ಎಂದು ಕುಗ್ಗುವ ಮಕ್ಕಳಿಗೆ ನಾನು ಒಂದು ವಿಷಯ ತಪ್ಪದೆ ಹೇಳುತ್ತೇನೆ. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲೇ, ರಾಜಾದಿತ್ಯ ಎಂಬ ಕವಿ ಗಣಿತವನ್ನು ಕನ್ನಡದಲ್ಲಿ ಬರೆದಿದ್ದಾನೆ. ಕನ್ನಡದಲ್ಲಿ ಯೋಚಿಸಿ ಲೆಕ್ಕ ಮಾಡುವುದು ಕೊರತೆಯಲ್ಲ. ಯೋಚನೆ ಕನ್ನಡದಲ್ಲಿ ಇರಲಿ, ಉತ್ತರಪತ್ರಿಕೆಯ ಸಾಲುಗಳು ಇಂಗ್ಲಿಷಿನಲ್ಲಿ ಇರಲಿ.

ಹಂತ 2: ನಿಂತ ಸಾಲನ್ನು ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಇದಕ್ಕೇ ಹೆಚ್ಚು ಹೊತ್ತು ಕೊಡಿ. "ಈ ಲೆಕ್ಕ ಬರಲ್ಲ" ಎನ್ನುವ ಮಾತನ್ನು ಒಪ್ಪಬೇಡಿ. "ಎಲ್ಲಿವರೆಗೆ ಬಂತು, ತೋರಿಸು" ಎಂದು ಕೇಳಿ. ಮಗು ಬಾಯಲ್ಲಿ ಹೇಳುತ್ತಾ ಬರೆಯಲಿ, ನೀವು ಬರಿದೇ ನೋಡಿ. ತಪ್ಪು ಕಂಡ ಕ್ಷಣವೇ ಬಾಯಿ ಹಾಕಬೇಡಿ. ಎರಡು ಸಾಲು ಮುಂದೆ ಹೋಗಲು ಬಿಟ್ಟರೆ ಎಷ್ಟೋ ಸಲ ಮಗುವೇ ಹಿಂದಿರುಗಿ ನೋಡುತ್ತದೆ.

ಎರಡನೇ ಪಿಯುಸಿಯ ಅವಕಲನದ ಅನ್ವಯ ಅಧ್ಯಾಯದ ಮಾದರಿಯ ಒಂದು ಲೆಕ್ಕ ತೆಗೆದುಕೊಳ್ಳೋಣ. ಹಳ್ಳದ ದಂಡೆಯಲ್ಲಿ ಆಯತಾಕಾರದ ಒಂದು ಜಾಗಕ್ಕೆ ಬೇಲಿ ಹಾಕಬೇಕು. ಹಳ್ಳದ ಕಡೆ ಬೇಲಿ ಬೇಡ. ಇರುವುದು 132 ಅಡಿ ತಂತಿ. ಅತಿ ಹೆಚ್ಚು ಜಾಗ ಒಳಗೆ ಬರಬೇಕಾದರೆ ಅಳತೆ ಎಷ್ಟಿರಬೇಕು?

ಹಳ್ಳಕ್ಕೆ ಲಂಬವಾಗಿ ಹೋಗುವ ಎರಡು ಬದಿಗಳು ತಲಾ ಎಕ್ಸ್ ಅಡಿ, ಹಳ್ಳಕ್ಕೆ ಸಮಾಂತರವಾದ ಬದಿ ವೈ ಅಡಿ ಎಂದಿಟ್ಟುಕೊಂಡರೆ:

2ಎಕ್ಸ್ + ವೈ = 132
ವೈ = 132 − 2ಎಕ್ಸ್
ವಿಸ್ತೀರ್ಣ = ಎಕ್ಸ್ × (132 − 2ಎಕ್ಸ್) = 132ಎಕ್ಸ್ − 2ಎಕ್ಸ್²
ಅವಕಲಿಸಿದರೆ: 132 − 4ಎಕ್ಸ್
ಇದನ್ನು 0ಗೆ ಸಮ ಮಾಡಿದರೆ: ಎಕ್ಸ್ = 33, ಆಗ ವೈ = 66
ಇನ್ನೊಮ್ಮೆ ಅವಕಲಿಸಿದರೆ −4. ಋಣವಾದ್ದರಿಂದ ಇದು ಗರಿಷ್ಠ.
ವಿಸ್ತೀರ್ಣ = 33 × 66 = 2178 ಚದರ ಅಡಿ

ಒಂದು ಗುಂಟೆಗೆ 1089 ಚದರ ಅಡಿ, ಅಂದರೆ ಸರಿಯಾಗಿ ಎರಡು ಗುಂಟೆ. ಗುಂಟೆ ಲೆಕ್ಕ ಗೊತ್ತಿರುವ ಮನೆಯ ಮಕ್ಕಳಿಗೆ ಈ ಉತ್ತರ ಬಂದಾಗ ಮುಖ ಅರಳುತ್ತದೆ.

ಈಗ ನೋಡಿ, ಈ ಲೆಕ್ಕದಲ್ಲಿ ಮಗು ನಾಲ್ಕು ಕಡೆ ನಿಲ್ಲಬಹುದು. ಬೇಲಿ ಮೂರೇ ಬದಿಗೆ ಎನ್ನುವುದು ತಲೆಗೆ ಹೋಗದೆ 2ಎಕ್ಸ್ + 2ವೈ ಎಂದು ಬರೆಯಬಹುದು. ಅದು ಓದಿನ ತೊಡಕು, ಹಂತ 1ಕ್ಕೆ ವಾಪಸ್ ಹೋಗಿ ಚಿತ್ರ ಬರೆಸಿ. ವೈಯನ್ನು ಎಕ್ಸ್‌ನಲ್ಲಿ ಹೇಳಲು ಆಗದೆ ಎರಡು ಚರಾಕ್ಷರ ಹಿಡಿದುಕೊಂಡು ಕೂರಬಹುದು. ಅದು ಪ್ರೌಢಶಾಲೆಯ ಬೀಜಗಣಿತ. 132 − 4ಎಕ್ಸ್ ಬರುವಲ್ಲಿ ತಪ್ಪಬಹುದು. ಇದೊಂದೇ ಪಿಯುಸಿ ಪಾಠ. ಇಲ್ಲವೇ ಎಕ್ಸ್ = 33 ಸಿಕ್ಕಿತೆಂದು ಅಡಿಗೆರೆ ಎಳೆದು ಪುಸ್ತಕ ಮುಚ್ಚಬಹುದು; ಕೇಳಿದ್ದೇನು ಎಂದು ತಿರುಗಿ ನೋಡುವ ಅಭ್ಯಾಸ ಇಲ್ಲ ಎಂದರ್ಥ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ನಾಲ್ಕು ಮಕ್ಕಳಿಗೂ "ಅವಕಲನದ ಸೂತ್ರ ಬಾಯಿಪಾಠ ಮಾಡು" ಎಂದರೆ ಮೂವರಿಗೆ ಏನೂ ಪ್ರಯೋಜನವಿಲ್ಲ.

ಹಂತ 3: ಬೇಕಾದರೆ ಹಿಂದಿನ ತರಗತಿಗೆ ಇಳಿಯಿರಿ

ನಿಂತ ಸಾಲು ಹಳೆಯ ಪಾಠದ್ದು ಎಂದು ಗೊತ್ತಾದರೆ ನಾಚಿಕೆಪಡದೆ ಇಳಿಯಬೇಕು. ಇದಕ್ಕೆ ಒಂದು ಭಾನುವಾರ ಬೆಳಗ್ಗೆ ಈ ಒಂಬತ್ತು ಪ್ರಶ್ನೆ ಕೊಟ್ಟು ನೋಡಿ. ಪಕ್ಕದಲ್ಲಿ ಉತ್ತರ ಕೊಟ್ಟಿದ್ದೇನೆ, ಗಣಿತ ಓದದವರೂ ತಿದ್ದಬಹುದು.

1. 2/3 + 3/4 ಎಷ್ಟು? (17/12)
2. −3 − (−7) ಎಷ್ಟು? (4)
3. (ಎಕ್ಸ್ + 3)² ಬಿಡಿಸು. (ಎಕ್ಸ್² + 6ಎಕ್ಸ್ + 9)
4. ಎಕ್ಸ್² − 5ಎಕ್ಸ್ + 6 ಅಪವರ್ತಿಸು. ((ಎಕ್ಸ್ − 2)(ಎಕ್ಸ್ − 3))
5. ಎಕ್ಸ್² = 5ಎಕ್ಸ್ ಆದರೆ ಎಕ್ಸ್ ಎಷ್ಟು? (0 ಮತ್ತು 5)
6. 2³ × 2⁻⁵ ಎಷ್ಟು? (1/4)
7. −2ಎಕ್ಸ್ > 6 ಆದರೆ? (ಎಕ್ಸ್ < −3)
8. ಸೈನ್ 30°, ಕಾಸ್ 60°, ಟ್ಯಾನ್ 45° ಬೆಲೆ? (1/2, 1/2, 1)
9. ವೈ = 3ಎಕ್ಸ್ − 2 ಎಂಬ ರೇಖೆಯ ಓರೆ ಎಷ್ಟು, ವೈ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆ? (3, ಮತ್ತು −2ರಲ್ಲಿ)

ಐದನೇ ಪ್ರಶ್ನೆಗೆ ಬರೀ 5 ಎಂದು ಬರೆದರೆ ಮಗು ಎರಡು ಕಡೆಯನ್ನೂ ಎಕ್ಸ್‌ನಿಂದ ಭಾಗಿಸಿದೆ. ಎಕ್ಸ್ ಸೊನ್ನೆಯೂ ಆಗಿರಬಹುದಾದ್ದರಿಂದ ಹಾಗೆ ಭಾಗಿಸುವಂತಿಲ್ಲ; ಒಂದು ಮೂಲ ಕಳೆದುಹೋಗುತ್ತದೆ. ಏಳನೆಯದಕ್ಕೆ ಎಕ್ಸ್ > −3 ಬಂದರೆ, ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ ಎಂಬುದು ಮರೆತಿದೆ. ಆ ಮಗು ಮೊದಲ ಪಿಯುಸಿಯ ಅಸಮತೆಗಳ ಅಧ್ಯಾಯದಲ್ಲಿ ಎಲ್ಲ ಲೆಕ್ಕವನ್ನೂ ತಪ್ಪು ಮಾಡುತ್ತದೆ, ತಪ್ಪಿನ ಕಾರಣ ಮಾತ್ರ ಒಂದೇ.

ಎಂಟನೆಯದು ಬಾಯಿಪಾಠದಿಂದ ಬಂದರೆ ಸಾಲದು. ಟ್ಯಾನ್ 45 ಯಾಕೆ 1 ಎಂದು ಕೇಳಿ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ ಎತ್ತರ. ಸಮತಟ್ಟು ನೆಲದಲ್ಲಿ ಪಾದದಿಂದ ಅಷ್ಟೇ ದೂರ, 57 ಅಡಿ, ಹೋಗಿ ನೆಲಮಟ್ಟದಿಂದ ನೆತ್ತಿ ನೋಡಿದರೆ ಕೋನ 45 ಡಿಗ್ರಿ ಆಗುತ್ತದೆ. ಎತ್ತರವನ್ನು ದೂರದಿಂದ ಭಾಗಿಸಿದರೆ 1. ಇಷ್ಟು ಅರ್ಥವಾದ ಮಗುವಿಗೆ ಪಟ್ಟಿ ಮರೆತರೂ ತೊಂದರೆಯಿಲ್ಲ.

ಎರಡು ಮೂರು ಪ್ರಶ್ನೆ ತಪ್ಪಾದರೆ ಆ ಪಾಠಗಳನ್ನಷ್ಟೇ ಹಳೆಯ ಪುಸ್ತಕದಿಂದ ಒಂದು ವಾರ ದಿನಕ್ಕೆ ಕಾಲು ಗಂಟೆ ಮಾಡಿಸಿ. ಐದಕ್ಕಿಂತ ಹೆಚ್ಚು ತಪ್ಪಾದರೆ ದಸರಾ ರಜೆಯನ್ನೋ ಬೇಸಿಗೆ ರಜೆಯನ್ನೋ ಅದಕ್ಕೇ ಮೀಸಲಿಡಿ. ಹೊಸ ಟ್ಯೂಷನ್ನಿಗೆ ಸೇರಿಸುವ ಮುಂಚೆ ಇದು ಆಗಲಿ. ಬುನಾದಿಯ ಈ ಕೆಲಸ ಆಗದೆ ಮೂರು ಟ್ಯೂಷನ್ನಿಗೆ ಓಡಾಡಿಸಿದರೆ ಮಗು ಸುಸ್ತಾಗುತ್ತದೆ, ಅಷ್ಟೇ.

ಹಂತ 4: ಅದೇ ಜಾತಿಯ ಬೇರೆ ಲೆಕ್ಕ ಮಾಡಿ ತೋರಿಸಿ

ಸಾಲು ಸಿಕ್ಕಿತು, ಹಳೆಯ ತೊಡಕು ತಿದ್ದಾಯಿತು, ಆದರೂ ದಾರಿ ಹೊಳೆಯುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಹೋಮ್‌ವರ್ಕಿನ ಲೆಕ್ಕವನ್ನು ಮುಟ್ಟದೆ, ಸಂಖ್ಯೆ ಬದಲಿಸಿ ಅದರ ಜೋಡಿ ಲೆಕ್ಕವೊಂದನ್ನು ನೀವು ಮಾಡಿ ತೋರಿಸಿ. ಮಗುವಿನ ಹೋಮ್‌ವರ್ಕಿನ ಪುಸ್ತಕಕ್ಕೆ ನಿಮ್ಮ ಪೆನ್ನು ತಾಗಬಾರದು. ಇದು ನಾನು ಎಲ್ಲೂ ಸಡಿಲಿಸದ ನಿಯಮ.

ಹಳ್ಳದ ಬೇಲಿಯ ಲೆಕ್ಕಕ್ಕೆ ಜೋಡಿ ಯಾವುದು? ಅದೇ 132 ಅಡಿ ತಂತಿ, ಈ ಸಲ ನಾಲ್ಕೂ ಬದಿಗೆ ಬೇಲಿ. ಎಕ್ಸ್ + ವೈ = 66 ಆಗುತ್ತದೆ, ಗರಿಷ್ಠ ಜಾಗ ಸಿಗುವುದು 33 × 33ರ ಚೌಕಕ್ಕೆ, ಅಂದರೆ ಒಂದು ಗುಂಟೆ. ನೀವು ಇದನ್ನು ಮಾಡಿ ತೋರಿಸಿ, ಮೂರು ಬದಿಯದನ್ನು ಮಗು ಮಾಡಲಿ.

ಅನುಕಲನದಲ್ಲಿ ಜೋಡಿ ಲೆಕ್ಕ ಹೆಣೆಯುವುದು ಇನ್ನೂ ಸುಲಭ. 3ಎಕ್ಸ್² × (ಎಕ್ಸ್³ + 1)⁴ ಅನುಕಲಿಸಬೇಕು ಎನ್ನಿ. ಆವರಣದ ಒಳಗಿನದನ್ನು ಅವಕಲಿಸಿದರೆ ಹೊರಗಿನ 3ಎಕ್ಸ್² ಬರುತ್ತದೆ. ಹೊರಗಿನದು ಒಳಗಿನದರ ಅವಕಲನವೇ ಎಂದು ಗುರುತಿಸುವುದೇ ಆದೇಶ ವಿಧಾನದ, ಅಂದರೆ ಸಬ್‌ಸ್ಟಿಟ್ಯೂಷನ್ನಿನ, ಗುಟ್ಟು. ಉತ್ತರ (ಎಕ್ಸ್³ + 1)⁵ / 5 + ಸಿ. ಘನದ ಬದಲು ವರ್ಗ ಹಾಕಿ, ಹೊರಗೆ 2ಎಕ್ಸ್ ಇಟ್ಟರೆ ಇನ್ನೊಂದು ಲೆಕ್ಕ ರೆಡಿ.

ಹಂತ 5: ತಾಳೆ ನೋಡುವುದನ್ನು ಕಲಿಸಿ

ಪುಸ್ತಕದ ಹಿಂದಿನ ಉತ್ತರ ನೋಡಿ ಸರಿ ತಪ್ಪು ಹೇಳುವುದಕ್ಕಿಂತ, ತನ್ನ ಉತ್ತರವನ್ನು ತಾನೇ ಪರೀಕ್ಷಿಸುವುದು ದೊಡ್ಡ ವಿದ್ಯೆ. ಪರೀಕ್ಷೆಯ ಕೋಣೆಯಲ್ಲಿ ಹಿಂದಿನ ಪುಟ ಇರುವುದಿಲ್ಲ.

ಸಮೀಕರಣದ ಮೂಲ ಸಿಕ್ಕರೆ ಅದನ್ನು ಪ್ರಶ್ನೆಯಲ್ಲಿ ಕೊಟ್ಟ ಸಮೀಕರಣದಲ್ಲೇ ಇಟ್ಟು ನೋಡಲಿ. ಎರಡು ಕಡೆಯನ್ನೂ ವರ್ಗ ಮಾಡಿ ಬಿಡಿಸಿದ ಲೆಕ್ಕದಲ್ಲಂತೂ ಇದು ಬೇಕೇ ಬೇಕು, ವರ್ಗ ಮಾಡಿದಾಗ ಸುಳ್ಳು ಮೂಲಗಳು ನುಸುಳುತ್ತವೆ. ಅನುಕಲನದ ಉತ್ತರವನ್ನು ಅವಕಲಿಸಿದರೆ ಪ್ರಶ್ನೆ ವಾಪಸ್ ಬರಬೇಕು. ಮಾತೃಕೆಯ ವಿಲೋಮ, ಅಂದರೆ ಇನ್ವರ್ಸ್, ಕಂಡುಹಿಡಿದರೆ ಮೂಲದೊಂದಿಗೆ ಗುಣಿಸಿ ಏಕಮಾನ ಮಾತೃಕೆ ಬರುತ್ತದೆಯೇ ನೋಡಲಿ. ಸಂಭವನೀಯತೆ 1ಕ್ಕಿಂತ ಹೆಚ್ಚು ಬಂದರೆ ಲೆಕ್ಕ ತಪ್ಪು, ಚರ್ಚೆ ಬೇಡ. ಬೇಲಿಯ ಲೆಕ್ಕದಲ್ಲಿ ಎಕ್ಸ್‌ಗೆ 30 ಹಾಕಿದರೆ 30 × 72 = 2160, 36 ಹಾಕಿದರೆ 36 × 60 = 2160. ಎರಡೂ 2178ಕ್ಕಿಂತ ಕಡಿಮೆ. 33 ಗರಿಷ್ಠ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಹಂತ 6: ಸಾಲು ಬಿಡದೆ ಬರೆಯಲಿ

ಎರಡನೇ ಪಿಯುಸಿ ಗಣಿತಕ್ಕೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20 ಅಂಕ. ಮೌಲ್ಯಮಾಪನದಲ್ಲಿ ಹಂತಗಳಿಗೆ ಅಂಕ ಇರುತ್ತದೆ. 5 ಅಂಕದ ಪ್ರಶ್ನೆಯಲ್ಲಿ ಕೊನೆಯ ಉತ್ತರ ತಪ್ಪಿದರೂ ಸೂತ್ರ, ಬೆಲೆ ಹಾಕಿದ್ದು, ನಡುವಿನ ಸಾಲುಗಳಿಗೆ ಅಂಕ ಸಿಗುತ್ತದೆ. ಬುದ್ಧಿವಂತ ಮಕ್ಕಳು ತಲೆಯಲ್ಲೇ ಮಾಡಿ ಮೂರು ಸಾಲು ನುಂಗಿಬಿಡುತ್ತಾರೆ. ಹೋಮ್‌ವರ್ಕಿನಲ್ಲೇ ಆ ಚಾಳಿ ಬಿಡಿಸಿ. ಸೂತ್ರವನ್ನು ಮೊದಲು ಬರೆದು ಆಮೇಲೆ ಬೆಲೆ ಹಾಕಲಿ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ. ಉತ್ತರಕ್ಕೆ ಏಕಮಾನ. ಅನಿರ್ದಿಷ್ಟ ಅನುಕಲನದ ಕೊನೆಯಲ್ಲಿ "+ ಸಿ".

ಹಂತ 7: ಮರುದಿನ ಖಾಲಿ ಹಾಳೆಯಲ್ಲಿ

ಸಹಾಯ ಪಡೆದು ಮಾಡಿದ ಲೆಕ್ಕವನ್ನು ಮರುದಿನ ಖಾಲಿ ಹಾಳೆಯಲ್ಲಿ ನೋಡದೆ ಮಾಡಲಿ. ಬಂದರೆ ಕಲಿತ ಹಾಗೆ. ಬರದಿದ್ದರೆ ನಿನ್ನೆ ನೀವು ಕಲಿಸಿದ್ದು ಮಗುವಿನ ಕಣ್ಣಿಗೆ ಮಾತ್ರ ಹೋಗಿತ್ತು. ತಪ್ಪಿನ ಪುಸ್ತಕದಲ್ಲಿ ತಾರೀಖು, ಲೆಕ್ಕದ ಸಂಖ್ಯೆ, ತಪ್ಪಿದ ಸಾಲು, ಸರಿಯಾದ ಸಾಲು, ಇಷ್ಟೇ ಇರಲಿ. ಪರೀಕ್ಷೆಯ ಹಿಂದಿನ ಸಂಜೆ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

ಮತ್ತೆ ಮತ್ತೆ ಕಾಣುವ ತಪ್ಪುಗಳು

(ಎ + ಬಿ)²ಗೆ ಎ² + ಬಿ² ಎಂದು ಬರೆಯುವುದು. 2, 3 ಹಾಕಿ ನೋಡಿಸಿ: ಒಂದು ಕಡೆ 25, ಇನ್ನೊಂದು ಕಡೆ 13. ಸೈನ್ 2ಎಕ್ಸ್ ಎಂದರೆ 2 ಸೈನ್ ಎಕ್ಸ್ ಅಂದುಕೊಳ್ಳುವುದೂ ಇದೇ ಜಾತಿ. 30 ಡಿಗ್ರಿ ಹಾಕಿದರೆ ಬಣ್ಣ ಬಯಲಾಗುತ್ತದೆ: ಬಲಗಡೆ 1 ಬರುತ್ತದೆ, ಸೈನ್ 60 ಅದಕ್ಕಿಂತ ಕಡಿಮೆ.

(ಎಕ್ಸ್ + 3)/ಎಕ್ಸ್‌ನಲ್ಲಿ ಮೇಲೆ ಕೆಳಗಿನ ಎಕ್ಸ್ ಹೊಡೆದುಹಾಕಿ 3 ಉಳಿಸುವುದು. ಗುಣಾಕಾರದಲ್ಲಿ ಇರುವುದನ್ನು ಮಾತ್ರ ಹೊಡೆಯಬಹುದು, ಕೂಡಿಸಿದ್ದನ್ನು ಹೊಡೆಯುವಂತಿಲ್ಲ. ಮಿತಿಗಳ ಅಧ್ಯಾಯದಲ್ಲಿ, ಅಂದರೆ ಲಿಮಿಟ್ಸ್‌ನಲ್ಲಿ, ಈ ತಪ್ಪು ಧಾರಾಳ.

ವಿಲೋಮ ತ್ರಿಕೋನಮಿತಿಯಲ್ಲಿ ಸೈನ್‌ನ ತಲೆಯ ಮೇಲಿನ −1 ಘಾತಾಂಕವಲ್ಲ. ಅದು "ಯಾವ ಕೋನದ ಸೈನ್ ಇದು" ಎಂದು ಕೇಳುವ ಗುರುತು. ಉತ್ತರವಾಗಿ ಬರುವ ಕೋನ −90 ಡಿಗ್ರಿಯಿಂದ 90 ಡಿಗ್ರಿಯೊಳಗೇ ಇರಬೇಕು. ಹಾಗಾಗಿ ಸೈನ್ 120 ಡಿಗ್ರಿಯ ಸೈನ್ ವಿಲೋಮ ಕೇಳಿದರೆ ಉತ್ತರ 60 ಡಿಗ್ರಿ, 120 ಅಲ್ಲ. ಅಂದ ಹಾಗೆ ಅವಕಲನದ ಸೂತ್ರಗಳು ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ ಹೊಂದುತ್ತವೆ. ಪೈ ರೇಡಿಯನ್ ಎಂದರೆ 180 ಡಿಗ್ರಿ.

ಕ್ರಮಯೋಜನೆಯೋ ವಿಕಲ್ಪವೋ, ಅಂದರೆ ಪರ್ಮ್ಯುಟೇಷನ್ನೋ ಕಾಂಬಿನೇಷನ್ನೋ, ಎಂಬ ಗೊಂದಲ ಮೊದಲ ಪಿಯುಸಿಯಲ್ಲಿ ಎಲ್ಲರಿಗೂ ಇರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಸ್ಥಾನ ಅದಲುಬದಲು ಮಾಡಿದರೆ ಬೇರೆ ಉತ್ತರವಾಗುತ್ತದೆಯೇ? ಎಂಟು ಮಕ್ಕಳಲ್ಲಿ ಮೂವರನ್ನು ರಸಪ್ರಶ್ನೆ ತಂಡಕ್ಕೆ ಆರಿಸಲು 56 ವಿಧ. ಅದೇ ಎಂಟರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನು ಆರಿಸಲು 8 × 7 × 6, ಅಂದರೆ 336 ವಿಧ. ಒಂದೇ ಮೂವರು ಆರು ರೀತಿ ಹುದ್ದೆ ಹಂಚಿಕೊಳ್ಳಬಹುದಾದ್ದರಿಂದ 336 ಭಾಗಿಸು 6, 56. ಇಂಥ ಆಯ್ಕೆಗಳಿಗೆ ಸಾಮಾನ್ಯ ಸೂತ್ರ ಕೊಟ್ಟವರಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಮೊದಲಿಗ. ಅದು 9ನೇ ಶತಮಾನ. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ.

ಮಾತೃಕೆಗಳಲ್ಲಿ ಎಬಿ ಮತ್ತು ಬಿಎ ಸಾಮಾನ್ಯವಾಗಿ ಒಂದೇ ಅಲ್ಲ. ಸಂಭವನೀಯತೆಯಲ್ಲಿ "ಅಟ್ ಲೀಸ್ಟ್ ಒನ್" ಬಂದರೆ ಒಂದೂ ಇಲ್ಲದ ಸಂದರ್ಭವನ್ನು 1ರಿಂದ ಕಳೆಯುವುದೇ ಹತ್ತಿರದ ದಾರಿ: ಮೂರು ನಾಣ್ಯ ಚಿಮ್ಮಿದಾಗ ಕನಿಷ್ಠ ಒಂದು ತಲೆ ಬೀಳುವ ಸಂಭವನೀಯತೆ 1 − 1/8 = 7/8.

ಫೋನಿನಲ್ಲಿ ಉತ್ತರ ಹುಡುಕುವುದು

ಲೆಕ್ಕದ ಫೋಟೋ ತೆಗೆದರೆ ಸಾಲು ಸಾಲಾಗಿ ಬಿಡಿಸಿಕೊಡುವ ಆ್ಯಪ್‌ಗಳಿವೆ, ಪ್ರಶ್ನೆ ಕೇಳಿದರೆ ಉತ್ತರಿಸುವ ಎಐ ಚಾಟ್‌ಬಾಟ್‌ಗಳೂ ಇವೆ. ಪೂರ್ತಿ ಬೇಡ ಎನ್ನುವುದು ನಡೆಯುವ ಮಾತಲ್ಲ. ಆದರೆ ಮಗು ಹತ್ತು ನಿಮಿಷವಾದರೂ ತಾನೇ ಒದ್ದಾಡಿದ ಮೇಲೆ ತೆರೆಯಲಿ. ತೆರೆದ ಮೇಲೂ ಪೂರ್ತಿ ಉತ್ತರ ಕೇಳದೆ "ಮುಂದಿನ ಒಂದು ಸಾಲಿಗೆ ಸುಳಿವು ಕೊಡು" ಎಂದು ಕೇಳುವುದನ್ನು ಕಲಿಸಿ. ಚಾಟ್‌ಬಾಟ್ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಹಂತ 5ರ ತಾಳೆ ಅದಕ್ಕೂ ಅನ್ವಯಿಸುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಗೆಳೆಯರ ಹೋಮ್‌ವರ್ಕನ್ನು ನಕಲು ಮಾಡುವುದಕ್ಕಿಂತ, ಮಾಡಲಾಗದ ಲೆಕ್ಕವನ್ನು ನಿಂತ ಸಾಲಿನವರೆಗೆ ಬರೆದು ಖಾಲಿ ಬಿಟ್ಟು ಹೋಗುವುದೇ ಎಷ್ಟೋ ಮೇಲು.

ನಿಮಗೇ ಗಣಿತ ಬಾರದಿದ್ದರೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿಯೂ ಮೇಲಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡಬಹುದು. ಪಕ್ಕದಲ್ಲಿ ಕೂತು ಕೇಳಬೇಕಾದ್ದು ಮೂರು ಪ್ರಶ್ನೆ: "ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ?" "ಈ ಸಾಲು ಹಿಂದಿನ ಸಾಲಿನಿಂದ ಹೇಗೆ ಬಂತು?" "ಉತ್ತರ ಸರಿ ಅಂತ ಹೇಗೆ ಗೊತ್ತು?" ಎರಡನೇ ಪ್ರಶ್ನೆಗೆ ಮಗು ತಡವರಿಸಿದ ಜಾಗವೇ ನಿಂತ ಸಾಲು. ಅದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಲೆಕ್ಕ ಗೊತ್ತಿರುವವರು ಅನೇಕ ಸಲ ಈ ಕೆಲಸದಲ್ಲಿ ಸೋಲುತ್ತಾರೆ, ಯಾಕೆಂದರೆ ಅವರಿಗೆ ಕೇಳುವ ತಾಳ್ಮೆ ಇರದೆ ತಾವೇ ಬಿಡಿಸಿಬಿಡುತ್ತಾರೆ.

ಹೇಳಬಾರದ ಮಾತುಗಳೂ ಇವೆ. "ಇಷ್ಟು ಸುಲಭದ್ದೂ ಬರಲ್ವಾ?" ಎನ್ನಬೇಡಿ. "ನಮ್ಮ ಮನೇಲಿ ಯಾರಿಗೂ ಲೆಕ್ಕ ಹತ್ತಲ್ಲ" ಎಂದು ಸಮಾಧಾನಕ್ಕೂ ಹೇಳಬೇಡಿ. ಮಗು ಅದನ್ನು ನಂಬಿಬಿಡುತ್ತದೆ, ಹೆಣ್ಣುಮಕ್ಕಳಿಗಂತೂ ಇಂಥ ಮಾತು ಬಹಳ ಬೇಗ ನಾಟುತ್ತದೆ.

ವರ್ಷದ ಲೆಕ್ಕಾಚಾರ

ಎರಡನೇ ಪಿಯುಸಿಯ 13 ಅಧ್ಯಾಯಗಳಲ್ಲಿ 5ರಿಂದ 9ರವರೆಗಿನ ಐದೂ ಕಲನಶಾಸ್ತ್ರ, ಅಂದರೆ ಅವಕಲನ ಮತ್ತು ಅನುಕಲನದ ಕುಟುಂಬ. ಒಂದು ಬಿಟ್ಟರೆ ಮುಂದಿನದು ಹತ್ತುವುದಿಲ್ಲ, ಮತ್ತು ಎಲ್ಲದಕ್ಕೂ ಮೊದಲ ವರ್ಷದ ತ್ರಿಕೋನಮಿತಿ ಬೇಕು. ಕಾಫಿ ತೋಟದ ಮನೆಗಳಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹಣ್ಣು ಕುಯ್ಲು. ಮನೆಮಂದಿಯೆಲ್ಲ ತೋಟದಲ್ಲೋ ಕಣದಲ್ಲೋ ಇರುತ್ತಾರೆ, ಮಗುವಿನ ಪಕ್ಕ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ವಾರ್ಷಿಕ ಪರೀಕ್ಷೆ ಮಾರ್ಚ್ ಹೊತ್ತಿಗೆ ಬಂದೇಬಿಡುತ್ತದೆ. ಆದ್ದರಿಂದ ಪಕ್ಕದಲ್ಲಿ ಕೂತು ಮಾಡಿಸಬೇಕಾದ ಕಲನಶಾಸ್ತ್ರವನ್ನು ದೀಪಾವಳಿಯೊಳಗೆ ಆದಷ್ಟು ಮುಗಿಸಿ. ಸದಿಶ, ರೇಖೀಯ ಕ್ರಮವಿಧಿ (ಲೀನಿಯರ್ ಪ್ರೋಗ್ರಾಮಿಂಗ್), ಸಂಭವನೀಯತೆಯನ್ನು ಮಗು ಒಂಟಿಯಾಗಿಯೂ ನಿಭಾಯಿಸಬಹುದು.

ಲೆಕ್ಚರರ್ ಹತ್ತಿರ ಹೇಗೆ ಕೇಳಬೇಕು

ಎರಡು ಸಂಜೆ ಪ್ರಯತ್ನಿಸಿದರೂ ಆಗದ ಲೆಕ್ಕವನ್ನು ಕಾಲೇಜಿಗೆ ಒಯ್ಯಬೇಕು. ಅರವತ್ತು, ಎಂಬತ್ತು ಮಕ್ಕಳ ತರಗತಿಯಲ್ಲಿ ಎದ್ದು ನಿಂತು "ಸಾರ್, ಈ ಅಧ್ಯಾಯ ಅರ್ಥ ಆಗಿಲ್ಲ" ಎಂದರೆ ಯಾವ ಮೇಷ್ಟ್ರಿಗೂ ಸಹಾಯ ಮಾಡುವುದು ಕಷ್ಟ. ಹಳ್ಳಿಯಿಂದ ಬಂದ ಮಕ್ಕಳು ಅದನ್ನೂ ಕೇಳದೆ ಹಿಂದಿನ ಬೆಂಚಿನಲ್ಲಿ ಉಳಿದುಬಿಡುತ್ತಾರೆ. ಹಾಗಾಗಿ ಮನೆಯಲ್ಲೇ ತಯಾರಿ ಮಾಡಿಸಿ ಕಳಿಸಿ. ಒಂದು ಹಾಳೆಯಲ್ಲಿ ಲೆಕ್ಕ ಬರೆದಿರಲಿ. ತಾನು ಮಾಡಿದ ಸಾಲುಗಳಿರಲಿ. ನಿಂತ ಸಾಲಿನ ಕೆಳಗೆ ಗೆರೆ ಎಳೆದು, "ಸಾರ್, ಇಲ್ಲಿವರೆಗೆ ಬಂತು. ಇಲ್ಲಿಂದ ಈ ಸಾಲು ಹೇಗೆ ಬರುತ್ತೆ?" ಎಂದು ಕೇಳಲಿ. ಊಟದ ಬಿಡುವಿನಲ್ಲೋ ಕೊನೆಯ ಪೀರಿಯಡ್ ಮುಗಿದ ಮೇಲೋ ಸ್ಟಾಫ್ ರೂಮಿಗೆ ಹೋಗಿ ಹೀಗೆ ಕೇಳಿದರೆ ಎರಡು ನಿಮಿಷದ ಕೆಲಸ. ಸಂಜೆಯ ಬಸ್ಸೂ ತಪ್ಪುವುದಿಲ್ಲ.